ಹಿಟ್ ಹಾಡುಗಳ ಸಂಕಲನ: ಪಟ್ಟಿ ನೋಡಿಯೇ ಗುಣ ತಿಳಿಯುವುದು ಹೇಗೆ?

ಪ್ರಶ್ನೆ: ರಾಕ್ ಸಂಗೀತಕ್ಕೆ ನಾನು ಹೊಸಬ. ಒಂದೊಂದು ಬ್ಯಾಂಡಿನ ಎಲ್ಲ ಆಲ್ಬಮ್‌ಗಳನ್ನೂ ಕೇಳುವಷ್ಟು ಪುರುಸೊತ್ತಿಲ್ಲ. 'ಗ್ರೇಟೆಸ್ಟ್ ಹಿಟ್ಸ್' ಸಂಕಲನಗಳಿಂದ ಶುರು ಮಾಡೋಣವೆಂದಿದ್ದೇನೆ. ಆಯ್ಕೆ ಚೆನ್ನಾಗಿದೆಯೇ ಎಂದು ಕೊಳ್ಳುವ ಮೊದಲೇ ತಿಳಿಯುವುದು ಹೇಗೆ? ಅನುಭವಸ್ಥರು ಹೇಳಿ.

ಉತ್ತರ 1: ಹಾಡುಗಳ ಹೆಸರಿಗಿಂತ ಮೊದಲು ಇಸವಿ ನೋಡಿ. ಈಗಲ್ಸ್ ತಂಡದ 'ದೇರ್ ಗ್ರೇಟೆಸ್ಟ್ ಹಿಟ್ಸ್' ಕೊಂಡು ತಂದು, 'ಹೋಟೆಲ್ ಕ್ಯಾಲಿಫೋರ್ನಿಯಾ' ಎಲ್ಲಿದೆ ಎಂದು ಹಿಂದೆ ಮುಂದೆ ತಿರುಗಿಸಿ ಹುಡುಕಿದವನು ನಾನು. ಸಂಕಲನ ಹೊರಬಂದದ್ದು 1976ರ ಫೆಬ್ರುವರಿಯಲ್ಲಿ, ಆ ಹಾಡಿರುವ ಆಲ್ಬಮ್ ಬಂದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಹೆಸರಿನ ಜೊತೆಯಲ್ಲೇ '1971–1975' ಎಂದಿತ್ತು. ಓದದಿದ್ದದ್ದು ನನ್ನ ತಪ್ಪು.

ಉತ್ತರ 2: ಆರಿಸಿದ್ದು ಯಾವ ಅಳತೆಗೋಲಿನಿಂದ ಎಂದು ಕೇಳಿಕೊಳ್ಳಿ. ಬೀಟಲ್ಸ್‌ನ '1' (2000) ಆಲ್ಬಮ್ಮಿನದು ಸರಳ ಲೆಕ್ಕ: ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಮೊದಲ ಸ್ಥಾನಕ್ಕೇರಿದ 27 ಹಾಡುಗಳು. ಹಾಗಾಗಿ 'ಪೆನ್ನಿ ಲೇನ್' ಒಳಗೆ. 1967ರಲ್ಲಿ ಅದೇ ಗ್ರಾಮಫೋನ್ ತಟ್ಟೆಯ ಇನ್ನೊಂದು ಮಗ್ಗುಲಲ್ಲಿದ್ದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹೊರಗೆ! ಇಂಥದ್ದನ್ನು ನಾನು ಅಂಕಪಟ್ಟಿ ಎನ್ನುತ್ತೇನೆ. 1973ರ ನೀಲಿ ಹೊದಿಕೆಯ ಸಂಕಲನದಲ್ಲಿ ಎರಡೂ ಇವೆ.

ಉತ್ತರ 3: ಹಾಡಿನ ಉದ್ದದ ಮಾತನ್ನು ಇಬ್ಬರೂ ಎತ್ತಲಿಲ್ಲವಲ್ಲ. ಹೆಸರು ಪಟ್ಟಿಯಲ್ಲಿದ್ದ ಮಾತ್ರಕ್ಕೆ ಹಾಡು ಪೂರ್ತಿ ಇದೆಯೆಂದು ಅರ್ಥವಲ್ಲ. ಪಿಂಕ್ ಫ್ಲಾಯ್ಡ್‌ನ 2001ರ 'ಎಕೋಸ್' ಸಂಕಲನದಲ್ಲಿ ಅದೇ ಹೆಸರಿನ ಹಾಡು ಸುಮಾರು 16 ನಿಮಿಷ. ಮೂಲದಲ್ಲಿ ಅದು 23 ನಿಮಿಷ ದಾಟುತ್ತದೆ. ನಾನು ಮೊದಲು ಕೇಳಿ ಬಾಯಿಪಾಠ ಮಾಡಿಕೊಂಡದ್ದು ಕತ್ತರಿ ಬಿದ್ದದ್ದನ್ನೇ. ಆಮೇಲೆ ಮೂಲ ಕೇಳುವಾಗ ಮುಂದಿನ ಸಾಲನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಕಾದೆ, ಕಾದೆ, ಅದು ಬರಲೇ ಇಲ್ಲ. ಪ್ಲೇಯರ್ ಕೆಟ್ಟಿತೇನೋ ಎಂದುಕೊಂಡೆ.

ಇದೇ ತಂಡದ 1981ರ ಸಂಕಲನದ ಕಥೆ ಇನ್ನೂ ಸ್ವಾರಸ್ಯ. 'ಮನಿ' ಹಾಡಿನ ಮೂಲ ಧ್ವನಿಮುದ್ರಣವನ್ನು ಬಳಸಿಕೊಳ್ಳಲು ಅಮೆರಿಕದಲ್ಲಿ ಹಕ್ಕು ಹೊಂದಿದ್ದ ಕಂಪನಿ ಒಪ್ಪಲಿಲ್ಲ. ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಬಹುಪಾಲು ವಾದ್ಯಗಳನ್ನು ತಾವೇ ನುಡಿಸಿ ಹಾಡನ್ನು ಮತ್ತೆ ಧ್ವನಿಮುದ್ರಿಸಿದರು. ಹೆಸರು ಅದೇ, ಹಾಡು ಬೇರೆ. ಆದ್ದರಿಂದ ನಿಮಿಷ, ಸೆಕೆಂಡುಗಳನ್ನು ಮೂಲ ಆಲ್ಬಮ್ಮಿನ ಜೊತೆ ತಾಳೆ ನೋಡಿ. 'ಮರು ಧ್ವನಿಮುದ್ರಣ' ಎಂಬುದು ಸಾಮಾನ್ಯವಾಗಿ ಇರುವೆಗಾತ್ರದ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿರುತ್ತದೆ.

ಉತ್ತರ 4: ಲೆಡ್ ಝೆಪ್ಲಿನ್‌ನಂಥ ತಂಡಕ್ಕೆ 'ಹಿಟ್' ಎಂಬ ಮಾತೇ ಹೊಂದುವುದಿಲ್ಲ. ಒಟ್ಟಿಗಿದ್ದ ಕಾಲದಲ್ಲಿ ಅವರು ಬ್ರಿಟನ್ನಿನಲ್ಲಿ ಸಿಂಗಲ್‌ಗಳ (ಒಂದೆರಡು ಹಾಡುಗಳ ಬಿಡಿ ತಟ್ಟೆಗಳ) ಗೊಡವೆಗೇ ಹೋಗಲಿಲ್ಲ. ಹಾಗಿದ್ದೂ 2007ರ 'ಮದರ್‌ಶಿಪ್' ನನಗೆ ಮೆಚ್ಚುಗೆ: 24 ಹಾಡುಗಳು, ಆರಿಸಿದವರು ಬದುಕಿದ್ದ ಮೂವರು ಸದಸ್ಯರೇ. ಯಾರು ಆರಿಸಿದರು ಎಂಬುದನ್ನೂ ನೋಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಇಸವಿ, ನಿಮಿಷ ಎರಡನ್ನೂ ಗುರುತು ಹಾಕಿಕೊಂಡು ಕುಳಿತೆ. ನಾನು ಕೊಳ್ಳಬೇಕೆಂದಿದ್ದ ಸಂಕಲನದ 14 ಹಾಡುಗಳಲ್ಲಿ 8 ಒಂದೇ ಆಲ್ಬಮ್ಮಿನವು. ಏನು ಮಾಡಲಿ?

ಉತ್ತರ 3: ಆ ಆಲ್ಬಮ್ಮನ್ನೇ ಕೊಳ್ಳಿ.