ಕಡ್ಡಿ ಹುಳ ಮನೆಯಲ್ಲಿ ಸಾಕಬಹುದಾ?

ಪ್ರಶ್ನೆ (ವಿಜಯಪುರ): ನಮಸ್ಕಾರ ಸರ್. ಖಾನಾಪುರದ ತವರುಮನೆ ಹಿತ್ತಲಲ್ಲಿ, ಪೇರಲ ಗಿಡದ ಮೇಲೆ ಮಗನಿಗೆ ಒಂದು ಕಡ್ಡಿ ಹುಳ ಸಿಕ್ಕಿತು. ಬೆರಳುದ್ದ ಇದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದೇವೆ. ಹಗಲೆಲ್ಲ ಅಲುಗಾಡುವುದೇ ಇಲ್ಲ. ಸತ್ತುಹೋಗುತ್ತದೇನೋ ಅಂತ ಮಗ ಅಳುತ್ತಿದ್ದಾನೆ.

ಉತ್ತರ (ಕೀಟಶಾಸ್ತ್ರ ಉಪನ್ಯಾಸಕರು, ಬಾಗಲಕೋಟೆ): ಗಾಬರಿ ಬೇಡ ಅಕ್ಕಾರೆ. ಹಗಲು ಅಲುಗಾಡಿದರೆ ಹಕ್ಕಿ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೇ ಸುಮ್ನೆ ಇರುತ್ತದೆ. ತಿನ್ನುವುದು ರಾತ್ರಿ. ಬೆಳಿಗ್ಗೆ ಎಲೆಯ ಅಂಚು ಕಡಿದಿದೆಯಾ, ತಳದಲ್ಲಿ ಹಿಕ್ಕೆ ಇದೆಯಾ ನೋಡಿ. ಪೇರಲ ಎಲೆಯನ್ನೇ ಕೊಡಿ, ಔಷಧಿ ಹೊಡೆದ ಗಿಡದ್ದು ಮಾತ್ರ ಬೇಡ.

ಆದರೆ ಆ ಡಬ್ಬಿ ಇವತ್ತೇ ಬದಲಿಸಿ. ಈ ಹುಳ ಪೊರೆ ಬಿಡುವಾಗ ತಲೆಕೆಳಗಾಗಿ ನೇತಾಡುತ್ತದೆ. ಹಳೇ ಚರ್ಮದಿಂದ ಕೆಳಕ್ಕೆ ಜಾರಿ ಬರುತ್ತದೆ. ಜಾಗ ಸಾಲದಿದ್ದರೆ ಕಾಲು ಸೊಟ್ಟಗಾಗುತ್ತದೆ, ಎಷ್ಟೋ ಸಲ ಸತ್ತೇ ಹೋಗುತ್ತದೆ. ಗೂಡಿನ ಎತ್ತರ ಹುಳದ ಉದ್ದದ 3 ಪಟ್ಟಾದರೂ ಇರಲಿ. ಚೌಕಟ್ಟಿಗೆ ಸೊಳ್ಳೆ ಪರದೆ ಬಟ್ಟೆ ಸುತ್ತಿದರೆ ಸಾಕು. ಪೊರೆ ಬಿಡುವಾಗ ಮಗ ಮುಟ್ಟದಂತೆ ನೋಡಿಕೊಳ್ಳಿ. ಎಳೆ ಹುಳದ ಕಾಲು ಕಳಚಿದರೂ ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ.

ನನಗೆ ಜಾಸ್ತಿ ಚಿಂತೆ ನಿಮ್ಮೂರಿನ ಬೇಸಿಗೆಯದು. ಖಾನಾಪುರ ಮಲೆನಾಡಿನ ಸೆರಗು, ತೇವದ ಜಾಗ. ವಿಜಯಪುರದಲ್ಲಿ 40 ಡಿಗ್ರಿ ಬಿಸಿಲು, ಒಣ ಗಾಳಿ. ತೇವ ಇಲ್ಲದಿದ್ದರೆ ಪೊರೆ ಮೈಗೇ ಅಂಟಿಕೊಳ್ಳುತ್ತದೆ. ದಿನಾ ಸಂಜೆ ಎಲೆ ಮೇಲೆ ನೀರು ಸಿಂಪಡಿಸಿ. ಸ್ವಲ್ಪ ದಿನ ಮಗ ನೋಡಲಿ, ಬೇಸಿಗೆಗೆ ಮುಂಚೆ ತವರಿಗೆ ಒಯ್ದು ಬಿಟ್ಟುಬಿಡಿ.

ಮತ್ತೊಬ್ಬರು (ಬೆಳಗಾವಿ): ಸರ್, ವಿದೇಶಿ ಜಾತಿ ಆನ್‌ಲೈನ್‌ನಲ್ಲಿ ತರಿಸಬಹುದಾ? ಒಂದೇ ಹುಳ ಇದ್ದರೆ ಮರಿ ಆಗಲ್ಲ ಅಲ್ವಾ?

ಉತ್ತರ: ಆಗುತ್ತವೆ! ಹಲವು ಜಾತಿಗಳಲ್ಲಿ ಗಂಡಿನ ಹಂಗಿಲ್ಲದೆ ಹೆಣ್ಣು ಮೊಟ್ಟೆ ಇಡುತ್ತದೆ, ಅವು ಒಡೆದು ಮರಿಯೂ ಬರುತ್ತವೆ. ತಮಿಳುನಾಡು ಮೂಲದ ಕರಾಸಿಯಸ್ ಮೊರೋಸಸ್ ಅಂಥದ್ದೇ. ಹೊರದೇಶಗಳಲ್ಲಿ ಸಾಕಲು ಒಯ್ದದ್ದು ಈಗ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ಗಿಡ ತಿನ್ನುತ್ತಿದೆ. ಮೊಟ್ಟೆ ನೋಡಲು ಬೀಜದ ಹಾಗೇ ಇರುತ್ತದೆ, ಕಸದ ಜೊತೆ ಹೊರಗೆ ಹೋದರೆ ಗೊತ್ತೇ ಆಗಲ್ಲ. ನಮ್ಮ ದ್ರಾಕ್ಷಿ, ದಾಳಿಂಬೆ ತೋಟಗಳ ನಡುವೆ ಅಂಥ ಅಪಾಯ ಯಾಕೆ ಬೇಕು? ಜೀವಂತ ಕೀಟ ಆಮದಿಗೆ ಸರ್ಕಾರದ ಪರವಾನಗಿಯೂ ಬೇಕು. ದಯವಿಟ್ಟು ಕೊಳ್ಳಬೇಡಿ. ಭೀಮಗಡ ಅಭಯಾರಣ್ಯದಿಂದಲೂ ಹಿಡಿದು ತರಬೇಡಿ, ಅದು ಕಾನೂನಿಗೆ ವಿರುದ್ಧ.

ಪ್ರಶ್ನೆ ಕೇಳಿದವರು: ನಮ್ಮದು ಮೊಟ್ಟೆ ಇಟ್ಟರೆ ಏನು ಮಾಡಲಿ ಸರ್?

ಉತ್ತರ: ಖಾನಾಪುರಕ್ಕೆ ಹುಳದ ಜೊತೆಗೇ ಒಯ್ಯಿರಿ. ಒಡೆಯಲು ತಿಂಗಳುಗಳೇ ಬೇಕು, ಅವಸರ ಇಲ್ಲ. ಅಲ್ಲಿಯವರೆಗೆ ತೆಳ್ಳಗೆ ತೇವ ಮಾಡಿದ ಮರಳಿನ ಮೇಲೆ ಇಡಿ. ನೀರು ಜಾಸ್ತಿ ಆದರೆ ಬೂಸ್ಟು ಬರುತ್ತದೆ.