ಸಮಸ್ಯೆ: ತಿದಿಯೂದದೆ ತುಂಬಿತಲ್ತೆ ಗಾಳಿಯ ಚೀಲಂ

ಸಂಚಾಲಕ: ಈ ವಾರದ ಸಮಸ್ಯೆಯನ್ನು ಉಸಿರಾಟದ ಕ್ರಿಯೆಗೇ ಹೊಂದಿಸಿ, ಮೇಲಿನ ಸಾಲೇ ಕೊನೆಯ ಸಾಲಾಗುವಂತೆ ಪದ್ಯ ರಚಿಸಿ ಪೂರಣ ಮಾಡಬೇಕೆಂದು ಕೋರುತ್ತೇನೆ.

ಮಂದಾನಿಲ:
ಎದೆಗೂಡರಳಲ್ ವಪೆ ತಾಂ
ಅದುರದೆ ಕೆಳಗಿಳಿಯೆ ಬಯಲು ಪಿರಿದಾಯ್ತೊಳಗೇ
ಮೊದಲೊತ್ತಡ ತಗ್ಗಲ್ಕದೊ
ತಿದಿಯೂದದೆ ತುಂಬಿತಲ್ತೆ ಗಾಳಿಯ ಚೀಲಂ

ಪದಚಿಂತಕ: ನಡೆ ಸರಾಗವಾಗಿದೆ, ಆದರೆ 'ವಪೆ'ಯನ್ನು ಒಪ್ಪಲಾರೆ. ಸಂಸ್ಕೃತದಲ್ಲಿ ವಪಾ ಎಂದರೆ ಯಜ್ಞದಲ್ಲಿ ಆಹುತಿಯಾಗುತ್ತಿದ್ದ, ಕರುಳನ್ನು ಮುಚ್ಚಿರುವ ಕೊಬ್ಬಿನ ಪೊರೆ. ಅದು ಇಳಿದರೆ ಎದೆ ಹಿಗ್ಗುವುದು ಹೇಗೆ? ಕಳೆದ ಸಲ ನನ್ನ ಪದ್ಯಕ್ಕೆ ನಿಘಂಟು ತೆರೆದವರು ತಾವೇ ಅಲ್ಲವೇ?

ಮಂದಾನಿಲ: ತೆರೆದದ್ದು ನಿಜ, ಈಗಲೂ ತೆರೆಯಬಲ್ಲೆ. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಬಾಗಿರುವ ಸ್ನಾಯುವಿನ ಪರದೆಗೆ ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ವಪೆಯೆಂಬ ಹೆಸರೇ ನೆಲೆನಿಂತಿದೆ. ಸುಮ್ಮನೆ ಕುಳಿತವರಲ್ಲಿ ಅದು 1–2 ಸೆಂಟಿಮೀಟರ್ ಇಳಿದು, ಪಕ್ಕೆಲುಬುಗಳು ತುಸು ಮೇಲೆದ್ದರೆ ಸಾಕು, ಸುಮಾರು 500 ಮಿಲಿಲೀಟರ್ ಗಾಳಿ ತಾನಾಗಿ ಒಳಬರುತ್ತದೆ. ಶ್ವಾಸಕೋಶಕ್ಕೆ ತನ್ನನ್ನು ಹಿಗ್ಗಿಸಿಕೊಳ್ಳುವ ಸ್ನಾಯುವಿಲ್ಲ. ಎದೆ ಹಿಗ್ಗಿದರೆ ಹಿಗ್ಗುತ್ತದೆ, ಬಿಟ್ಟರೆ ರಬ್ಬರಿನಂತೆ ಕುಗ್ಗುತ್ತದೆ.

ಪದಚಿಂತಕ: ಹಾಗಾದರೆ 'ಅದುರದೆ' ಏಕೆ ಬಂತು? ಪ್ರಾಸಕ್ಕಷ್ಟೇ ಎಂದು ನನ್ನ ಅಭಿಪ್ರಾಯ.

ಮಂದಾನಿಲ: ವಪೆ ಅದುರಿದರೆ ಬರುವುದು ಬಿಕ್ಕಳಿಕೆ, ಉಸಿರಲ್ಲ. ಆ ಪದವನ್ನು ಅರ್ಥಕ್ಕಾಗಿಯೇ ಇಟ್ಟಿದ್ದೇನೆ, ಬದಲಿಸುವುದಿಲ್ಲ.

ಎಳೆಗಾಳಿ:
ಉದರದ ನೀರಿನೊಳಿರ್ದುಂ
ಮಿದುಗೂಸಿಳೆಗಿಳಿಯೆ ಮೊದಲ ಕೂಗಿಡುವಾಗಳ್
ಪದುಳಂ ನೀರಾರುತ್ತಿರೆ
ತಿದಿಯೂದದೆ ತುಂಬಿತಲ್ತೆ ಗಾಳಿಯ ಚೀಲಂ

ಸಂಚಾಲಕ: ಸೊಗಸಾಗಿದೆ.

ಪದಚಿಂತಕ: ಎಳೆಗಾಳಿಯವರ ಪದ್ಯ ಚೆನ್ನಾಗಿದೆ. ನನ್ನ ಆಕ್ಷೇಪ ಸಮಸ್ಯೆಯ ಮೇಲೆಯೇ. 1674ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಮೇಯೋ ಉಸಿರಾಟವನ್ನು ವಿವರಿಸಲು ತಿದಿಯೊಳಗೆ ಒಂದು ಚೀಲವನ್ನಿಟ್ಟ ಮಾದರಿಯನ್ನೇ ಹೇಳಿದನು. ಎದೆಯೇ ತಿದಿಯಾಗಿರುವಾಗ 'ತಿದಿಯೂದದೆ' ಎನ್ನುವುದು ಸಲ್ಲುತ್ತದೆಯೇ?

ಮಂದಾನಿಲ: ಕುಲುಮೆಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಹಿಡಿಯನ್ನೆತ್ತಿದಾಗ ತಿದಿ ಬಾಯ್ದೆರೆದು ಗಾಳಿಯನ್ನು ಸೆಳೆದುಕೊಳ್ಳುತ್ತದೆ, ಒತ್ತಿದಾಗಲಷ್ಟೇ ಊದುತ್ತದೆ. ಮೇಯೋ ಹೇಳಿದ ಚೀಲವೂ ತಿದಿ ಅಗಲಿಸಿದಾಗ ತುಂಬುತ್ತದೆಯೇ ಹೊರತು ಊದಿದಾಗಲ್ಲ. 1928ರಲ್ಲಿ ಬೋಸ್ಟನ್ನಿನಲ್ಲಿ ಬಳಕೆಗೆ ಬಂದ ಉಕ್ಕಿನ ಶ್ವಾಸಕೋಶವೆಂಬ (ಐರನ್ ಲಂಗ್) ಉಸಿರಾಟದ ಯಂತ್ರವೂ ರೋಗಿಯ ಮೈಸುತ್ತಲಿನ ಒತ್ತಡವನ್ನು ತಗ್ಗಿಸಿಯೇ ಉಸಿರೆಳೆಸುತ್ತಿತ್ತು. ಇಂದಿನ ವೆಂಟಿಲೇಟರ್ ಗಾಳಿಯನ್ನು ಒಳಕ್ಕೆ ದೂಡುತ್ತದೆ, ಅದಕ್ಕೆ ಮಾತ್ರ ಈ ಸಮಸ್ಯೆ ಹೊಂದದು.

ಪದಚಿಂತಕ: 'ಊದದೆ' ಎಂಬುದನ್ನು ಒಪ್ಪಿದೆ. 'ವಪೆ'ಯನ್ನು ಇನ್ನೂ ಒಪ್ಪಿಲ್ಲ.