ರೇಡಿಯೊ ಹುಚ್ಚಿನ ಕುರಿತು ಮಾಮಾ ಅವರಿಗೆ ಉತ್ತರ

ಮಾಮಾ, ಶರಣು. ಬೆಳಿಗ್ಗೆ ನೀವು ಗುಂಪಿನಲ್ಲಿ ಹಾಕಿದ ಸಂದೇಶವನ್ನು ಪೂರ್ತಿ ಕೇಳಿದೆ. ಅಕ್ಕನ ಮಗ ಹ್ಯಾಮ್ ರೇಡಿಯೊ (ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವುದು) ಪರೀಕ್ಷೆಗೆ ಕೂಡಲು ದುಡ್ಡು ಕೇಳಿದ್ದು ನಿಮಗೆ ಸರಿಬಂದಿಲ್ಲ. ತಂತಿ, ಬ್ಯಾಟರಿ, ನಕಾಶೆ ಎಂದು ಹೊತ್ತು ಕಳೆಯುವ ಹುಡುಗರಿಂದ ಮನೆಗೇನು ಉಪಯೋಗ, ಅದರ ಬದಲು ಮಳೆಗಾಲಕ್ಕೆ ಮುಂಚೆ ಮನೆಗೊಂದು ತುರ್ತು ಸಾಮಾನಿನ ಪೆಟ್ಟಿಗೆ ಕೊಂಡಿಡೋಣ ಎಂದಿದ್ದೀರಿ. ಪೆಟ್ಟಿಗೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ಪೆಟ್ಟಿಗೆ ಸಮಯಕ್ಕೆ ಒದಗಬೇಕಾದರೆ ಈ ಹುಡುಗನ ಹುಚ್ಚೇ ಬೇಕಾಗುತ್ತದೆ ಎಂಬುದು ನನ್ನ ಮಾತು. ಸಂದೇಶ ಉದ್ದವಾಗಲಿದೆ, ಊಟವಾದ ಮೇಲೆ ಕೇಳಿದರೂ ನಡೆಯುತ್ತದೆ.

2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಕಡೆ ಮಳೆ ಸುರಿದು, ಮೇಲಿನ ಜಲಾಶಯಗಳ ನೀರು ಭೀಮೆಗೆ ಬಂದು, ಅಫಜಲಪುರ, ಜೇವರ್ಗಿ ಭಾಗದ ಹೊಳೆದಂಡೆಯ ಊರುಗಳೊಳಗೆ ನುಗ್ಗಿದ್ದು ನಿಮಗೆ ನೆನಪಿದೆ. ಅದಾದ ಮೇಲೆ ನಮ್ಮ ಬಳಗದಲ್ಲಿ ಎಲ್ಲರೂ ಚಾರ್ಜಿಂಗ್ ಟಾರ್ಚು, ಪವರ್ ಬ್ಯಾಂಕು ಕೊಂಡರು. ಅವು ಈಗ ಎಲ್ಲಿವೆ ಎಂದು ಅಲ್ಮಾರಿ ತೆಗೆದು ನೋಡಿ. ಕೆಲವು ಉಬ್ಬಿಕೊಂಡಿರುತ್ತವೆ, ಕೆಲವಕ್ಕೆ ವಯರೇ ಸಿಗುವುದಿಲ್ಲ. ಹೆದರಿಕೆಯಿಂದ ಕೊಂಡದ್ದನ್ನು, ಹೆದರಿಕೆ ಇಳಿದ ಮೇಲೆ ಯಾರೂ ಹೊರತೆಗೆಯುವುದಿಲ್ಲ. ಹವ್ಯಾಸಕ್ಕೆಂದು ತಂದದ್ದನ್ನು ಮಾತ್ರ ಯಾರೂ ಹೇಳದಿದ್ದರೂ ವಾರವಾರ ಬಿಚ್ಚುತ್ತಾರೆ, ಕೆಡಿಸುತ್ತಾರೆ, ರಿಪೇರಿ ಮಾಡುತ್ತಾರೆ.

ನಮ್ಮ ಹುಡುಗ ಗುಜರಿಯಿಂದ ತಂದ ಯುಪಿಎಸ್ ಬ್ಯಾಟರಿಯನ್ನು ಹೇಗೆ ಪರೀಕ್ಷಿಸುತ್ತಾನೆಂದು ನೀವು ಪಕ್ಕದಲ್ಲಿ ಕೂತು ನೋಡಬೇಕು. ಮೀಟರ್ ಹಚ್ಚಿದರೆ 12.6 ವೋಲ್ಟ್ ತೋರಿಸುತ್ತದೆ. ನಾವಾದರೆ ಬ್ಯಾಟರಿ ಚೆನ್ನಾಗಿದೆ ಎಂದು ಎತ್ತಿಡುತ್ತೇವೆ. ಅವನು ಅದಕ್ಕೆ ಬೈಕಿನ ಇಂಡಿಕೇಟರಿನ ಹಳೆಯ ಬಲ್ಬು ಜೋಡಿಸಿ, ಬಲ್ಬು ಉರಿಯುತ್ತಿರುವಾಗಲೇ ಮತ್ತೊಮ್ಮೆ ಅಳೆಯುತ್ತಾನೆ. ಸತ್ತ ಬ್ಯಾಟರಿಯಾದರೆ ನೋಡನೋಡುತ್ತಿದ್ದಂತೆ ಅಂಕಿ 10ಕ್ಕಿಂತ ಕೆಳಗೆ ಜಾರುತ್ತದೆ. ದುಡಿಸದೆ ಅಳೆದರೆ ಬ್ಯಾಟರಿಯ ನಿಜವಾದ ಶಕ್ತಿ ತಿಳಿಯುವುದಿಲ್ಲ ಎಂಬುದನ್ನು ಅವನಿಗೆ ಯಾವ ಮೇಷ್ಟ್ರೂ ಕಲಿಸಿಲ್ಲ. ಅವನ ಲೆಕ್ಕವೂ ಸರಳವಾಗಿದೆ: 12 ವೋಲ್ಟ್, 7 ಆಂಪಿಯರ್-ಅವರ್ ಎಂದರೆ 84 ವಾಟ್-ಅವರ್, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯಸ್ಸು ಬೇಗ ಕಳೆಯುವುದರಿಂದ ಬಳಕೆಗೆ ಸಿಗುವುದು 42, ಅದರಲ್ಲಿ 5 ವಾಟಿನ ಡಿಸಿ ಎಲ್‌ಇಡಿ ಬಲ್ಬು ಎಂಟು ಗಂಟೆ ಉರಿಯುತ್ತದೆ. ಅಂದರೆ ಕರೆಂಟಿಲ್ಲದ ಒಂದು ರಾತ್ರಿ ಕಳೆಯಿತು. ಉಬ್ಬಿದ ಲಿಥಿಯಂ ಸೆಲ್ಲನ್ನು ಚುಚ್ಚಬಾರದು, ಚಾರ್ಜಿಗೂ ಹಾಕಬಾರದು ಎಂದು ಮೊನ್ನೆ ಅವ್ವನಿಗೆ ತಿಳಿಸಿ ಹೇಳಿದವನೂ ಅವನೇ.

ಈಗ ರೇಡಿಯೊ ವಿಷಯಕ್ಕೆ ಬರುತ್ತೇನೆ, ನಿಮ್ಮ ತಕರಾರು ಮುಖ್ಯವಾಗಿ ಅದರ ಮೇಲೆಯೇ ಇದೆ. ಇದು ಆನ್‌ಲೈನಿನಲ್ಲಿ ವಾಕಿಟಾಕಿ ತರಿಸಿ ಮಾತಾಡುವ ಆಟವಲ್ಲ. ಲೈಸೆನ್ಸ್ ಬೇಕಾದ ತರಂಗಾಂತರದಲ್ಲಿ ಅದಿಲ್ಲದೆ ಹಾಗೆ ಮಾಡುವುದು ಅಪರಾಧ. 12 ವರ್ಷ ತುಂಬಿದವರು ಎಲೆಕ್ಟ್ರಾನಿಕ್ಸ್ ಮತ್ತು ಸಂಪರ್ಕ ನಿಯಮಗಳ ಪರೀಕ್ಷೆ ಪಾಸಾದರೆ ಕೇಂದ್ರದ ದೂರಸಂಪರ್ಕ ಇಲಾಖೆ ಲೈಸೆನ್ಸ್ ಕೊಡುತ್ತದೆ, ಜೊತೆಗೆ ವಿ ಮತ್ತು ಯು ಅಕ್ಷರಗಳಿಂದ ಶುರುವಾಗುವ, ಅವರಿಗೆ ಮಾತ್ರ ಸೇರಿದ ಕರೆಸಂಕೇತ, ಅಂದರೆ ರೇಡಿಯೊದಲ್ಲಿ ಅವರನ್ನು ಗುರುತಿಸುವ ಹೆಸರು, ಸಿಗುತ್ತದೆ. 2004ರ ಡಿಸೆಂಬರಿನಲ್ಲಿ ದೆಹಲಿಯ ಭಾರತಿ ಪ್ರಸಾದ್ ಅವರು ತಮ್ಮ ತಂಡದೊಂದಿಗೆ ಅಂಡಮಾನಿಗೆ ಹೋದದ್ದು ಇದೇ ಹವ್ಯಾಸಕ್ಕಾಗಿ, ಅಲ್ಲಿಂದ ಜಗತ್ತಿನ ಹ್ಯಾಮ್‌ಗಳೊಡನೆ ಮಾತಾಡುವ ಖುಷಿಗಾಗಿ. ಡಿಸೆಂಬರ್ 26ರಂದು ಸುನಾಮಿ ಬಂದು ಮಾಮೂಲು ಸಂಪರ್ಕ ಕಡಿದಾಗ, ಪೋರ್ಟ್ ಬ್ಲೇರಿನಿಂದ ಹೊರಗಿನವರಿಗೆ ಸುದ್ದಿ ಮುಟ್ಟಿಸಿದ್ದು ಆ ಖುಷಿಯ ಉಪಕರಣಗಳೇ.

ಮೊಬೈಲ್ ಟವರಿಗೂ ಕರೆಂಟ್ ಬೇಕು ಮಾಮಾ. ಊರಿನ ಕರೆಂಟ್ ಹೋಗಿ, ಟವರಿನ ಬ್ಯಾಟರಿ ಮುಗಿದು, ಡೀಸೆಲ್ ತರುವ ಗಾಡಿಗೆ ದಾರಿಯಿಲ್ಲದಾದರೆ, ಕೈಯಲ್ಲಿರುವ ದುಬಾರಿ ಫೋನೂ ಯಾರನ್ನೂ ಮುಟ್ಟುವುದಿಲ್ಲ. ಹ್ಯಾಮ್‌ಗಳು 7 ಮೆಗಾಹರ್ಟ್ಸ್ ಸುಮಾರಿನಲ್ಲಿ ಮಾತಾಡಲು ತಲಾ 10 ಮೀಟರಿನ ಎರಡು ತಂತಿಗಳನ್ನು ಆಂಟೆನಾ ಆಗಿ ಮಾಳಿಗೆಯಿಂದ ಬೇವಿನ ಮರಕ್ಕೆ ಎಳೆದು ಕಟ್ಟಿದರೆ ಸಾಕು. ಆ ತಂತಿಯಿಂದ ಮೇಲಕ್ಕೆ ಹೋದ ತರಂಗ ವಾತಾವರಣದ ಎತ್ತರದ ಪದರಕ್ಕೆ ತಾಗಿ ಕೆಳಗಿಳಿಯುವುದರಿಂದ, ನಡುವೆ ಯಾವ ಟವರೂ ಇಲ್ಲದೆ ಹಗಲಿನಲ್ಲಿ ಸೊಲ್ಲಾಪುರ, ಹೈದರಾಬಾದಿನಷ್ಟು ದೂರಕ್ಕೆ ಮಾತು ಮುಟ್ಟುತ್ತದೆ. ಕತ್ತಲಾದರೆ ಅದೇ ತರಂಗ ಹತ್ತಿರದವರನ್ನು ಬಿಟ್ಟು ಬಹಳ ದೂರದವರಿಗೆ ಕೇಳಿಸತೊಡಗುತ್ತದೆ. ಯಾವ ಹೊತ್ತಿಗೆ ಎಲ್ಲಿಗೆ ಕೇಳಿಸುತ್ತದೆ ಎಂಬುದು ದಿನಾ ಕಿವಿಗೊಟ್ಟು ಕೂತವರಿಗೆ ರೂಢಿಯಾಗುವಂಥದ್ದು. ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಹೊಳೆ ಬಂದ ದಿನ ತೆಗೆದರೆ ಬರೀ ಗೊರಗೊರ ಸದ್ದು ಕೇಳಬೇಕಾಗುತ್ತದೆ. ಇನ್ನು ಹೊಳೆಯಾದರೂ ಮುನ್ಸೂಚನೆ ಕೊಟ್ಟು ಬರುತ್ತದೆ, ಭೂಕಂಪ ಹಾಗಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ನಮಗೆ ಹೇಳುತ್ತಾ ಬಂದವರು ನೀವೇ.

ಕಾಕಾ ಅವರ ಮಗಳ ನಕಾಶೆಯ ಗೀಳಿಗೂ ನೀವು ನಕ್ಕಿದ್ದೀರಿ. ಅವಳು ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇಂಟರ್ನೆಟ್ ನಕಾಶೆಯಲ್ಲಿ ನಮ್ಮೂರಿನ ಹೊಲದ ದಾರಿ, ಬಾವಿ, ಶಾಲೆ, ಗುಡಿಗಳನ್ನು ಕೂಡಿಸುತ್ತಿದ್ದಾಳೆ. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ, ರಾಜಧಾನಿಯ ಬೀದಿಗಳ ಸರಿಯಾದ ನಕಾಶೆ ಇರಲಿಲ್ಲವೆಂದು ಬೇರೆ ಬೇರೆ ದೇಶಗಳ ಹವ್ಯಾಸಿಗಳು ಉಪಗ್ರಹ ಚಿತ್ರ ನೋಡಿ ಅದರಲ್ಲೇ ಬರೆದುಕೊಟ್ಟರು, ಪರಿಹಾರಕ್ಕೆ ಹೋದವರು ಅದನ್ನು ಬಳಸಿದರು. ನಮ್ಮ ಹುಡುಗಿ ಇನ್ನೊಂದು ಕೆಲಸವನ್ನೂ ಮಾಡಿದ್ದಾಳೆ. 2020ರಲ್ಲಿ ಹೊಳೆ ಬಂದಾಗ ನೀರು ಮೊದಲು ಯಾವ ಓಣಿಗೆ ಬಂತು, ಯಾವ ಕಟ್ಟೆ ಕೊನೆಯವರೆಗೂ ಮುಳುಗಲಿಲ್ಲ ಎಂದು ಊರಿನ ಹಿರಿಯರನ್ನು ಕೇಳಿ ಬೇರೆ ಹಾಳೆಯಲ್ಲಿ ಗುರುತಿಸಿಕೊಂಡಿದ್ದಾಳೆ. ಈ ಮಾಹಿತಿ ಯಾವ ಅಂಗಡಿಯ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಫೋನಿನ ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ನಕಾಶೆಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದರೆ ಸಾಕು ಎಂಬುದನ್ನು ನಮ್ಮ ಗುಂಪಿನಲ್ಲಿ ಎಷ್ಟು ಮಂದಿ ತಿಳಿದಿದ್ದಾರೆ?

ಎಲ್ಲ ಹವ್ಯಾಸವನ್ನೂ ನಾನು ಹೊಗಳುತ್ತಿಲ್ಲ. ನಕ್ಷತ್ರ ನೋಡುವುದು ನನಗೂ ಇಷ್ಟ. ಕಲಬುರಗಿ 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ, ಕೈ ಚಾಚಿ ಹಿಡಿದ ಎರಡು ಮುಷ್ಟಿಗಿಂತ ತುಸು ಕಡಿಮೆ ಎತ್ತರದಲ್ಲಿ ಧ್ರುವ ನಕ್ಷತ್ರ ಸಿಗುತ್ತದೆ, ಉತ್ತರ ದಿಕ್ಕು ತಿಳಿಯುತ್ತದೆ. ಆದರೆ ಹೊಳೆ ಬರುವ ಕಾಲದಲ್ಲಿ ನಮಗೆ ಆಕಾಶವೇ ಕಾಣುವುದಿಲ್ಲ. ಮೊಬೈಲ್ ಗೇಮು, ಬಗೆಬಗೆಯ ಚಾಕು ಕೂಡಿಡುವುದು ಇವುಗಳ ಪರವಾಗಿ ವಾದಿಸುವ ಉಮೇದು ನನಗಿಲ್ಲ. ಹವಾಮಾನ ಬರೆದಿಡುವ ಚಟವಂತೂ ಹೊಲದವರಿಗೆ ನೇರವಾಗಿ ಬೇಕಾದದ್ದು: ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ದೂರ ತಿಳಿಯಬಹುದು. ಎಣಿಕೆ 30 ಮುಟ್ಟುವ ಮೊದಲೇ ಗುಡುಗು ಬಂದರೆ ಮರದ ಕೆಳಗೆ ನಿಲ್ಲದೆ ಪಕ್ಕಾ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಒಳಗೇ ಇರಬೇಕು.

ಹಾಗಾಗಿ ನನ್ನ ಸೂಚನೆ ಹೀಗಿದೆ. ಪೆಟ್ಟಿಗೆಗಳನ್ನು ಕೊಳ್ಳೋಣ, ಆದರೆ ಸಾಮಾನಿನ ಪಟ್ಟಿಯನ್ನು ಈ ಇಬ್ಬರು ಮಕ್ಕಳು ಮಾಡಲಿ, ದರದ ಚೌಕಾಸಿ ನಿಮಗಿರಲಿ. ಶ್ರಾವಣದಲ್ಲಿ ಎಲ್ಲರೂ ಊರಿಗೆ ಬಂದಾಗ, ಒಂದು ಸಂಜೆ ಮೇನ್ ಸ್ವಿಚ್ ಇಳಿಸಿ, ಫೋನುಗಳನ್ನೂ ಬಂದ್ ಮಾಡಿ, ಬೆಳಗಿನವರೆಗೆ ಆ ಪೆಟ್ಟಿಗೆಯ ಸಾಮಾನಿನಿಂದಲೇ ನಡೆಸಿ ನೋಡೋಣ. ಏನೇನು ಕೊರತೆ ಎಂಬುದು ಅಲ್ಲೇ ತಿಳಿಯುತ್ತದೆ. ಪರೀಕ್ಷೆಯ ಖರ್ಚನ್ನು ನಾನು ಕೊಡುತ್ತೇನೆ, ಆ ಚಿಂತೆ ನಿಮಗೆ ಬೇಡ. ನಿಮ್ಮಿಂದ ಬೇಕಾಗಿರುವುದು ಮಾಳಿಗೆಯ ಮೂಲೆಯಲ್ಲಿ ಆ ತಂತಿ ಕಟ್ಟಲು ಒಂದು ಬೊಂಬು ನಿಲ್ಲಿಸಲು ಒಪ್ಪಿಗೆ ಮಾತ್ರ. ಕರೆಂಟಿನ ಲೈನಿನಿಂದ ಅದು ಸಾಕಷ್ಟು ದೂರವಿರಬೇಕು, ಆದ್ದರಿಂದ ಜಾಗವನ್ನು ಭಾನುವಾರ ನೀವೇ ನಿಂತು ತೋರಿಸಿರಿ.